ಯಜಮಾನ್ರ ಹೆಸರು

೧೪ ಜನವರಿ ೨೦೨೪
ಐರ್ಲೆಂಡ್, ಕುದುರೆ ಲಾಯದ ಹಿಂದಿನ ಕ್ಯಾಬಿನ್ನು

ನನ್ನ ಪ್ರಾಣಪ್ರಿಯೆ, ಧರ್ಮಪತ್ನಿ ಸಿದ್ದಗಂಗಾಗೆ,

ಗಾಬರಿ ಬೀಳಬೇಡ, ಕುಡಿದಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ‘ಏನೇ’ ಅನ್ನೋದು ಬಿಟ್ಟು ಬೇರೆ ಏನೂ ಕರೀದೋನು ಈಗ ಯಾಕೆ ಇಂಗೆ ಕರೀತಾವ್ನೆ ಅಂತ ನಿಂಗೆ ಅನುಮಾನ ಬಂದಿರುತ್ತೆ. ವಕೀಲಮ್ಮ ಹೇಳಿಕೊಟ್ಟಿದ್ದು. ನಿನ್ನ ವೀಸಾ ರಿಜೆಕ್ಟ್ ಆಯ್ತಲ್ಲ, ಯಾಕೆ ಅಂತ ಆಫೀಸಿನೋರು ಉದ್ದಕ್ಕೆ ಬರೆದು ಕಳಿಸವ್ರೆ. ಆಯಮ್ಮ ಓದಿ ಹೇಳಿದ್ರು. ಸಾರಾಂಶ ಇಷ್ಟೇ, ನೀನು ನನ್ನ ಹೆಂಡತಿ ಅಲ್ಲವಂತೆ.

ಫೋನ್ ಇಂಟರ್‌ವ್ಯೂನಲ್ಲಿ ‘ನಿಮ್ಮ ಗಂಡನ ಹೆಸರೇನು’ ಅಂತ ಮೂರು ಸಲ ಕೇಳಿದ್ರಂತೆ. ಮೊದಲನೇ ಸಲ ‘ನಮ್ಮ ಯಜಮಾನ್ರು’ ಅಂದೆ. ಆಮೇಲೆ ‘ದೀಪಿಕಾ ಅಪ್ಪ’ ಅಂದೆ. ಮೂರನೇ ಸಲ ‘ಬೆಟ್ಟದ ಮೇಲಿರೋ ಸ್ವಾಮಿ ಹೆಸರು’ ಅಂದ್ಯಂತೆ. ಕನ್ನಡದಿಂದ ಇಂಗ್ಲಿಷಿಗೆ ತಿರುಗಿಸೋನು ಬಲೇ ನಿಯತ್ತಿನೋನು, ಅಂಗಂಗೇ ತಿರುಗಿಸವ್ನೆ. ಆಫೀಸರು ಬರ್ಕೊಂಡವ್ರೆ: ಈಕೆಗೆ ಗಂಡನ ಹೆಸರು ಗೊತ್ತಿಲ್ಲ, ಆತ ಬೆಟ್ಟದ ಮೇಲೆ ವಾಸ.

ಸಾಲದು ಅಂತ ನನ್ನ ಫೋನಿನ ರೆಕಾರ್ಡ್ ತೆಗೆದವ್ರೆ. ಏಳು ವರ್ಷದಿಂದ ನಾನು ದಿನಾ ಮಾತಾಡ್ತಿರೋದು ದೀಪಿಕಾ ಅನ್ನೋ ಹೆಂಗಸಿನ ಹತ್ರವಂತೆ. ‘ಮಗಳು ಮೇಡಂ, ಹೆಂಡ್ತಿ ಹತ್ರ ಬಟನ್ ಫೋನು’ ಅಂತ ಆಫೀಸಿನೋರಿಗೆ ಹೇಳ್ದೆ. ‘ಪ್ರೂವ್ ಮಾಡಿ’ ಅಂದ್ರು. ಮದುವೆ ಸರ್ಟಿಫಿಕೇಟು ಹೋದ ವರ್ಷ ವೀಸಾಗೆ ಅಂತಾನೇ ಮಾಡಿಸಿದ್ದು, ಅದಕ್ಕೂ ತಕರಾರು. ಮದುವೆ ಫೋಟೋ ಕೊಟ್ಟೆ. ಅದರಲ್ಲಿ ತಲೆ ತುಂಬ ಕೂದಲಿರೋನು ಬೇರೆ ಯಾರೋ ಅಂತಾರೆ. ಅದೊಂದು ಮಾತಿಗೆ ಮಾತ್ರ ನಾನು ಎದುರು ಹೇಳಲಿಲ್ಲ.

ಈಗ ವಕೀಲಮ್ಮ ಅಪೀಲು ಹಾಕ್ತಾವ್ರೆ. ಗಂಡ ಹೆಂಡತಿ ಕಾಗದ ಬರೀಬೇಕು, ಸ್ಟಾಂಪು ಸೀಲು ಇರಬೇಕು, ಅದನ್ನ ಇಲ್ಲೊಬ್ಬ ಕನ್ನಡದೋರು ಇಂಗ್ಲಿಷಿಗೆ ಮಾಡಿ ಆಫೀಸಿಗೆ ಕೊಡ್ತಾರೆ. ಸಂಸಾರ ಮಾಡಿದ್ದಕ್ಕೆ ರಸೀದಿ ಕೇಳೋ ದೇಶ ಕಣೇ ಇದು. ಕುಣಿಗಲ್‌ನಾಗೆ ಕುದುರೆ ತಿಕ್ಕೊಂಡು ನೆಮ್ಮದಿಯಾಗಿದ್ದೋನು, ಇಲ್ಲೂ ಕುದುರೇನೇ ತಿಕ್ತಿದೀನಿ. ಕುದುರೆಗಳು ಒಂದು ದಿನಾನೂ ಪ್ರೂಫ್ ಕೇಳಿಲ್ಲ.

ಚೆನ್ನಾಗಿ ಬರಿ. ಪ್ರೀತಿ ಕಾಣಿಸಬೇಕಂತೆ.

ನಿನ್ನ ರೇ
(ಇಲ್ಲಿ ಎಲ್ರೂ ನನ್ನ ಕರೆಯೋದು ಇಷ್ಟೇ. ಪೂರ್ತಿ ಹೆಸರು ಹೇಳೋಕೆ ಅವರಿಗೂ ಆಗಲ್ಲ, ನಿಂಗೂ ಆಗಲ್ಲ.)

*

೧೧ ಫೆಬ್ರವರಿ ೨೦೨೪
ಸತ್ಯಮಂಗಲ, ತುಮಕೂರು

ದೀಪಿಕಾ ಅಪ್ಪನವರಿಗೆ,

ನಿಮ್ಮ ‘ಪ್ರಾಣಪ್ರಿಯೆ’ ಓದಿ ದೀಪಿಕಾ ನಕ್ಕೂ ನಕ್ಕೂ ಮಂಚದಿಂದ ಬಿದ್ದಳು. ಹುಡುಗಿ ಡಿಗ್ರಿ ಓದುತ್ತಿದ್ದಾಳೆ, ಅವಳ ಮುಂದೆ ನನಗೆ ಮುಖ ಎತ್ತಲಾಗಲಿಲ್ಲ. ಇನ್ನು ಮೇಲೆ ಕವರಿನ ಮೇಲೆ ನನ್ನ ಹೆಸರು ದಪ್ಪಗೆ ಬರೆಯಿರಿ, ಬೇರೆಯವರು ಒಡೆಯದ ಹಾಗೆ.

ನಾನು ಹೆಸರು ಹೇಳಲಿಲ್ಲ ಅಂತ ನಿಮಗೆ ಸಿಟ್ಟು. ಆ ಫೋನು ಯಾವಾಗ ಬಂತು ಗೊತ್ತಾ? ಚೇಳೂರಿಂದ ಗುಬ್ಬಿಗೆ ಬರೋ ಬಸ್ಸಿನಲ್ಲಿದ್ದೆ. ಪಕ್ಕದ ಸೀಟಿನಲ್ಲಿ ನಿಮ್ಮ ಅಮ್ಮ. ಸ್ಪೀಕರ್ ಆಫ್ ಮಾಡೋದು ಹೇಗೆ ಅಂತ ನನಗೆ ಗೊತ್ತಿಲ್ಲ, ದೀಪಿಕಾಳ ಫೋನು.

ಅತ್ತೆ ಶುರು ಮಾಡಿದರು: “ಯಾರೇ ಅದು? ನನ್ ಮಗನ್ ಹೆಸ್ರು ಅವ್ನಿಗ್ಯಾಕೆ?”

“ವೀಸಾದವ್ರು ಅತ್ತೆ.”

“ವೀಸಾದವ್ರಾದ್ರೆ? ಹೆಸ್ರು ಕೇಳ್ದೆ ವೀಸಾ ಕೊಡಾಕಾಗಲ್ವಾ?”

ಕಂಡಕ್ಟರ್ ಬೇರೆ ಬಂದು, “ಹೇಳ್ಬುಡಮ್ಮ, ಬಸ್ಸೆಲ್ಲಾ ಕಾಯ್ತಾ ಐತೆ” ಅಂದ. ಹಿಂದಿನ ಸೀಟಿನವರೆಲ್ಲ ಕಿವಿ ಕೊಟ್ಟಿದ್ದರು. ಹೇಳಿದರೆ ಗಂಡನ ಆಯಸ್ಸು ಕಡಿಮೆ ಅಂತ ಚಿಕ್ಕವಳಿಂದ ಕೇಳಿ ಬೆಳೆದವಳು ನಾನು. ನಿಮ್ಮ ಹೆಸರು ಅಂತ ಆ ದೇವರನ್ನೂ ಹೆಸರು ಹಿಡಿದು ಕರೆದಿಲ್ಲ, ಬೆಟ್ಟದ ಸ್ವಾಮಿ ಅಂತಲೇ ಕೈ ಮುಗಿದಿದ್ದೇನೆ. ಏಳು ಸಮುದ್ರ ಆಚೆ ಕುದುರೆ ಕಾಲ ಕೆಳಗೆ ಕೆಲಸ ಮಾಡೋ ಗಂಡನ ಆಯಸ್ಸನ್ನ ಬಸ್ಸಿನಲ್ಲಿ ಯಾರೋ ಕೇಳಿದರು ಅಂತ ಕಳೆಯಲೇ?

ಪ್ರೀತಿ ಕಾಣಿಸಬೇಕು ಅಂದಿರಿ. ಮನೆ ಮುಂದಿನ ರೂಮಿನ ಸೂರು ಸೋರುತ್ತಿತ್ತು, ರಿಪೇರಿ ಮಾಡಿಸಿದೆ. ನಾನು ಕೆಲಸಕ್ಕೆ ಹೋಗೋ ತೆಂಗಿನಪುಡಿ ಫ್ಯಾಕ್ಟರಿಗೆ ಒಡಿಶಾದಿಂದ ಹೊಸಬರು ಬಂದಿದ್ದಾರೆ. ನಮ್ಮ ಕಡೆ ಹೆಂಗಸರು ಕಾಯಿ ಸಿಪ್ಪೆ ಹೆರೆಯೋಕೆ ಈಗ ಬರೋದು ಕಡಿಮೆ. ಸಸ್ಮಿತಾ ಅಂತ ಒಂದು ಹುಡುಗಿ, ಗಂಡ ಹೆಂಡತಿ ಇಬ್ಬರೇ, ರೂಮು ಕೇಳುತ್ತಿದ್ದಾರೆ. ಪಕ್ಕದ ಮನೆ ಅಶ್ವಥ್ ಬೇಡ ಅಂತಾನೆ. ನಿಮ್ಮ ಅಭಿಪ್ರಾಯ ತಿಳಿಸಿ. ಅನುವಾದ ಮಾಡುವವರೇ, ಸೂರಿನ ವಿಷಯ ಬಿಡಬೇಡಿ. ಅದು ಪ್ರೀತಿಯೇ.

ಇಂತಿ
ದೀಪಿಕಾ ಅಮ್ಮ

*

೧೦ ಮಾರ್ಚ್ ೨೦೨೪

ಪ್ರೀತಿಯ ಸಿದ್ದಗಂಗಾಗೆ,

ಅಕ್ಷರ ವಕ್ರವಾಗಿದ್ರೆ ಬೈಬೇಡ. ಇಲ್ಲಿ ಚಳಿಗೆ ಕೈ ಬೆರಳು ಸೌದೆ ಆಗಿಬಿಡ್ತವೆ.

ನಿನ್ನ ಕಾಗದ ವಕೀಲಮ್ಮಂಗೆ ಭಾರಿ ಇಷ್ಟ ಆಯ್ತು. ಬಸ್ಸಿನ ಕತೆ ಕೇಳಿ ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕರು. ಆಮೇಲೆ ಮುಖ ಗಂಟು ಹಾಕ್ಕೊಂಡು, ‘ಇನ್ನೊಂದು ಇಂಟರ್‌ವ್ಯೂ ಇರುತ್ತೆ, ಅದರಲ್ಲಿ ಹೆಸರು ಹೇಳದಿದ್ರೆ ನಾನೇನೂ ಮಾಡೋಕಾಗಲ್ಲ’ ಅಂದ್ರು. ಅದಕ್ಕೆ ನೀನು ದಿನಾ ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡು. ಮೊದಲು ‘ರೇ’ ಅನ್ನು. ಅಷ್ಟಕ್ಕೆ ಸಾಯಲ್ಲ ನಾನು, ಊರೆಲ್ಲಾ ಅಂಗೇ ಕರೆದ್ರೂ ಗುಂಡುಕಲ್ಲಿನಂಗಿದೀನಿ. ಆಮೇಲೆ ‘ವಣ’ ಸೇರಿಸು. ಸ್ವಲ್ಪ ಸ್ವಲ್ಪ, ಮರಿ ಕುದುರೆಗೆ ಲಗಾಮು ಹಾಕೋ ಹಂಗೆ.

ಇನ್ನೊಂದು ತಲೆನೋವು. ಹೆಂಡತಿ ಕರೆಸ್ಕೊಳ್ಳೋನು ಮನೆ ತೋರಿಸಬೇಕಂತೆ. ಈ ಕ್ಯಾಬಿನ್ನಲ್ಲಿ ನಾವು ಐದು ಜನ, ಒಂದೇ ಒಲೆ. ಇಲ್ಲಿ ಮನೆ ಸಿಗೋದು ಅಂದ್ರೆ ದೇವರು ಸಿಕ್ಕಿದಂಗೆ. ಫೋನ್ ಮಾಡಿದ್ರೆ ‘ಖಾಲಿ ಐತೆ, ಬನ್ನಿ ರೇ’ ಅಂತಾರೆ. ‘ರೇ’ ಅಂತ ಅವರಲ್ಲೂ ಹೆಸರೈತೆ, ಅವರೋನೇ ಅಂದ್ಕೊಂಡಿರ್ತಾರೆ. ಬಾಗಿಲು ತೆಗೆದು ನನ್ನ ಮುಖ ನೋಡಿದ ಮೇಲೆ ‘ಅಯ್ಯೋ, ಈಗ ತಾನೆ ಹೋಯ್ತು’ ಅಂತಾರೆ. ನಾಲ್ಕು ಕಡೆ ಇಂಗೇ ಆಯ್ತು. ನನ್ನ ಮುಖ ಕಂಡ್ರೆ ಮನೆಗಳು ಓಡಿಹೋಗ್ತವೆ ಕಣೇ. ಹಿಂಗಾದ್ರೆ ಮನುಷ್ಯ ಎಲ್ಲಿರಬೇಕು?

ಆ ಒಡಿಶಾದೋರಿಗೆ ರೂಮು ಕೊಡಬೇಡ. ಅಶ್ವಥ್ ಹೇಳೋದು ಸರಿ. ಇವತ್ತು ಇಬ್ಬರು ಅಂತ ಬರ್ತಾರೆ, ನಾಳೆ ನೋಡಿದ್ರೆ ಎಂಟು ಜನ ಮಲಗಿರ್ತಾರೆ. ಭಾಷೆ ಬರಲ್ಲ, ಗುರುತು ಪರಿಚಯ ಇಲ್ಲ. ಬೀಗ ಹಾಕಿಡು. ಟ್ರಾನ್ಸ್‌ಲೇಟರ್ ಸ್ವಾಮಿ, ಈ ಪ್ಯಾರಾ ಬಿಟ್ಟುಬಿಡಿ.

ನಿನ್ನ ರೇ

*

೭ ಏಪ್ರಿಲ್ ೨೦೨೪
ಸತ್ಯಮಂಗಲ

ದೀಪಿಕಾ ಅಪ್ಪನವರಿಗೆ,

ನಿಮ್ಮ ಕಾಗದ ಬರುವ ಮೊದಲೇ ರೂಮು ಕೊಟ್ಟಾಗಿದೆ. ಇಬ್ಬರೇ ಇದ್ದಾರೆ, ಎಂಟು ಜನ ಆಗಿಲ್ಲ. ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಅದೇ ಹಾಳೆಯಲ್ಲಿ ಮೇಲೆ ‘ಮನುಷ್ಯ ಎಲ್ಲಿರಬೇಕು’ ಅಂತ ಬರೆದು, ಕೆಳಗೆ ‘ಬೀಗ ಹಾಕಿಡು’ ಅಂತ ಬರೆದಿದ್ದೀರಲ್ಲ, ನಡುವೆ ಊಟಕ್ಕೆ ಎದ್ದು ಹೋಗಿದ್ದಿರಾ?

ಅಶ್ವಥ್ ಮೂರು ದಿನ ಮಾತು ಬಿಟ್ಟಿದ್ದ. ಆಮೇಲೆ ಅವನ ಮನೆ ಮೋಟರ್ ಕೆಟ್ಟಿತು. ಸಸ್ಮಿತಾ ಗಂಡ ರಿಪೇರಿ ಮಾಡಿಕೊಟ್ಟ. ಈಗ, “ಇವ್ರು ಪರವಾಗಿಲ್ಲ ಅಕ್ಕಾ, ಬೇರೆಯೋರು ಬಂದ್ರೆ ಮಾತ್ರ ಸೇರಿಸ್ಬೇಡಿ” ಅಂತಾನೆ.

ಅದಿರಲಿ. ನಿಮ್ಮ ಕಾಗದ ನೋಡಿದೆ, ಓದಿದ್ದಕ್ಕಿಂತ ನೋಡಿದ್ದೇ ಜಾಸ್ತಿ. ಅದು ನಿಮ್ಮ ಅಕ್ಷರ ಅಲ್ಲ. ನಾಲ್ಕನೇ ಕ್ಲಾಸು ಮುಗಿಸದಿದ್ದರೂ ನಿಮ್ಮ ಅಕ್ಷರ ದುಂಡಗೆ, ಹೊಟ್ಟೆ ತುಂಬಿದ ಹಾಗೆ ಇರುತ್ತದೆ. ಇದು ಎರಡನೇ ಕ್ಲಾಸಿನ ಮಗು ಬರೆದ ಹಾಗಿದೆ. ಚಳಿ ಅಂದಿರಿ. ಜನವರಿಯಲ್ಲಿ ಚಳಿ ಇರಲಿಲ್ಲವೇ? ಕನ್ನಡ ಹೊಸದಾಗಿ ಕಲಿತ ಯಾರೋ ನಿಮ್ಮ ಪಕ್ಕ ಕೂತು ಬರೆದಿದ್ದಾರೆ. ಹೆಂಗಸೇ ಇರಬೇಕು, ಗಂಡಸರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ವಿಡಿಯೋ ಕಾಲ್ ಮಾಡಿದಾಗಲೂ ಬಲಗೈ ಜಾಕೆಟ್ ಜೇಬಿನಲ್ಲೇ. ಯಾರು ಹಿಡಿದುಕೊಂಡಿರುತ್ತಾರೆ ಆ ಕೈ?

ಸ್ಪೀಕರಿನಲ್ಲಿ ಇದನ್ನೆಲ್ಲ ಕೇಳೋಕಾಗಲ್ಲ, ಅತ್ತೆ ಪಕ್ಕದಲ್ಲೇ ಇರುತ್ತಾರೆ. ಅನುವಾದ ಮಾಡುವವರೇ, ನಿಮಗೆ ಗೊತ್ತಿದ್ದರೆ ನೀವೇ ಒಂದು ಸಾಲು ಬರೆಯಿರಿ.

ನನ್ನದೂ ಒಂದು ವಿಷಯ ಹೇಳೋದಿತ್ತು. ಈಗ ಮನಸ್ಸಿಲ್ಲ.

ದೀಪಿಕಾ ಅಮ್ಮ

*

೨ ಮೇ ೨೦೨೪

ಸಿದ್ದಗಂಗಾ,

ಹೆಂಗಸೇ. ನಿನ್ನ ಅನುಮಾನ ಸರಿ. ಬಣ್ಣ ಕಂದು, ನಾಲ್ಕು ಕಾಲು, ಹಣೆ ಮೇಲೆ ಬಿಳಿ ಚುಕ್ಕೆ. ನನ್ನ ಬಲಗೈ ಮಣಿಕಟ್ಟು ಮುರಿದಿದ್ದು ಅವಳೇ. ಕಾಗದ ಬರೀತಿರೋದು ನನ್ನ ಎಡಗೈ. ಸಾಕಾ?

ಹೇಳಬಾರದು ಅಂತಿದ್ದೆ. ಫೆಬ್ರವರಿ ಕೊನೇಲಿ ಆಗಿದ್ದು. ಪಕ್ಕದೂರಿನಲ್ಲಿ ಒಂದು ಹಳೇ ಹೋಟ್ಲು ಐತೆ, ಅಲ್ಲಿಗೆ ಯಾವುದೋ ದೇಶದಿಂದ ಓಡಿಬಂದೋರನ್ನ ತಂದು ಇಡ್ತಾರೆ ಅಂತ ಸುದ್ದಿ ಆಯ್ತು. ಬೇಡ ಅಂತ ಜನ ಬೋರ್ಡ್ ಹಿಡ್ಕೊಂಡು, ಟ್ರ್ಯಾಕ್ಟರು, ಮೈಕು ಎಲ್ಲಾ ತಗೊಂಡು ನಮ್ಮ ಲಾಯದ ಮುಂದಿನ ರೋಡಲ್ಲೇ ಹೋದ್ರು. ನಾನು ಆಗ ಕುದುರೆ ಕಾಲೆತ್ತಿ ಗೊರಸು ಕೆರೀತಿದ್ದೆ. ಅವರು ಹಾರನ್ನು ಹೊಡೆದ ರಭಸಕ್ಕೆ ಅದು ಬೆದರಿ ನನ್ನ ಗೋಡೆಗೆ ಒತ್ತಿಬಿಡ್ತು. ಅದರದ್ದೇನೂ ತಪ್ಪಿಲ್ಲ. ಈಗಲೂ ನಾನು ‘ಏನ್ಲೇ ಕಳ್ಳಿ’ ಅಂದ್ರೆ ಕಿವಿ ಅಲ್ಲಾಡಿಸ್ತದೆ. ಇಡೀ ಲಾಯದಲ್ಲಿ ಕನ್ನಡ ಬರೋದು ನಂಗೂ ಅದಕ್ಕೂ ಇಬ್ಬರಿಗೇ.

ಮಾರನೇ ದಿನ ನನ್ನ ಜೊತೆ ದಿನಾ ಟೀ ಕುಡಿಯೋ ಮುದುಕ ಬಂದ. ಬ್ಯಾಂಡೇಜ್ ನೋಡಿ ‘ಅಯ್ಯೋ ಏನಾಯ್ತು’ ಅಂದ. ಅವನೂ ಬೋರ್ಡ್ ಹಿಡ್ಕೊಂಡು ಹೋಗಿದ್ದ, ಕಿಟಕೀಲಿ ನೋಡಿದ್ದೆ. ‘ನಿನ್ನಂಥೋರಿಗಲ್ಲ ರೇ, ನೀನು ಪರವಾಗಿಲ್ಲ, ಬೇರೆಯೋರು ಬರಬಾರದು ಅಷ್ಟೇ’ ಅಂದ. ಬಿಸ್ಕತ್ತೂ ಕೊಟ್ಟ. ತಿಂದೆ. ಅಶ್ವಥ್ ಹೇಳಿದ ಮಾತು ನಿನ್ನ ಕಾಗದದಲ್ಲಿ ಓದಿದಾಗ ಅದೇ ಬಿಸ್ಕತ್ತು ಗಂಟಲಲ್ಲಿ ಸಿಕ್ಕಿದಂಗಾಯ್ತು. ರೂಮು ಕೊಟ್ಟಿದ್ದು ಒಳ್ಳೇದಾಯ್ತು ಬುಡು.

ಡಾಕ್ಟ್ರು ಇನ್ನೂ ಭಾರ ಎತ್ತಬೇಡ ಅಂತಾರೆ. ಮಾಲೀಕ ಒಳ್ಳೇನೇ, ಪೊರಕೆ ಕೆಲಸ ಕೊಟ್ಟವ್ನೆ. ಆದ್ರೆ ನನ್ನ ಪರ್ಮಿಟ್ಟು ಕುದುರೆ ಕೆಲಸಕ್ಕೆ. ಕೈ ಸರಿಹೋಗದಿದ್ರೆ ಏನು ಅಂತ ಕೇಳೋಕೆ ನಂಗೆ ಧೈರ್ಯ ಇಲ್ಲ, ಹೇಳೋಕೆ ಅವನಿಗೆ ಮನಸಿಲ್ಲ. ನಾನು ದಿನಾ ಎಲ್ಲರನ್ನೂ ನಗಿಸ್ತೀನಿ. ಎಡಗೈಯಲ್ಲಿ ಅನ್ನ ಕಲಸ್ಕೊಂಡು ತಿನ್ನೋವಾಗ ಮಾತ್ರ ನಗು ಬರಲ್ಲ.

ಮನೆ ಸಿಕ್ತು. ಮಾಲೀಕನ ಚಿಕ್ಕಮ್ಮನದು, ಎರಡು ರೂಮು. ಎಲ್ಲಾ ರೆಡಿ. ಜೂನ್‌ನಲ್ಲಿ ನಿಂಗೆ ಎರಡನೇ ಇಂಟರ್‌ವ್ಯೂ, ಟೈಮು ಮೊದಲೇ ತಿಳಿಸ್ತಾರೆ. ನೀನು ಮಾಡಬೇಕಾಗಿರೋದು ಒಂದೇ ಕೆಲಸ. ಹೆಸರು ಹೇಳು. ಆಯಸ್ಸು ಹೋದ್ರೆ ಹೋಗ್ಲಿ, ಒಂಟಿಯಾಗಿ ಅಷ್ಟೊಂದು ಇಟ್ಕೊಂಡು ಏನ್ ಮಾಡ್ಲಿ?

ಟ್ರಾನ್ಸ್‌ಲೇಟರ್ ಸ್ವಾಮಿ, ಎಲ್ಲಾ ಹಾಕಿ.

ರೇ

*

೧೬ ಜೂನ್ ೨೦೨೪
ಸತ್ಯಮಂಗಲ

ದೀಪಿಕಾ ಅಪ್ಪನವರಿಗೆ,

ಕೈ ಮುರಿದಿದ್ದನ್ನು ಇಷ್ಟು ದಿನ ಜೇಬಿನಲ್ಲಿ ಬಚ್ಚಿಟ್ಟಿರಲ್ಲ. ನಾನು ಯಾವಳನ್ನೋ ಬೈದುಕೊಂಡು ಕೂತಿದ್ದೆ. ಅತ್ತೆಗೆ ಹೇಳಿದೆ. ಒಂದು ದಿನ ಊಟ ಬಿಟ್ಟರು. ಮಾರನೇ ದಿನ ಎರಡು ದಿನದ್ದು ಸೇರಿಸಿ ಮಾಡಿದರು.

ಇಂಟರ್‌ವ್ಯೂ ಮುಗಿಯಿತು, ಹೇಗಾಯ್ತು ಅಂತ ಬರೆಯುತ್ತೇನೆ.

ಕನ್ನಡಿ ಮುಂದೆ ನಿಂತು ನೋಡಿದೆ. ಬಾಯಿ ತೆರೆದರೆ ನಗು, ಇಲ್ಲಾ ಅಳು. ಹೆಸರು ಬರಲಿಲ್ಲ. ಏನು ಅಂತ ಸಸ್ಮಿತಾ ಕೇಳಿದಳು. ವಿಷಯ ಹೇಳಿದೆ. ಅವಳೂ ಗಂಡನ ಹೆಸರು ಎತ್ತುವುದಿಲ್ಲವಂತೆ, ಅವರ ಊರಲ್ಲೂ ಇದೇ. ಕೊನೆಗೆ ಒಂದು ಉಪಾಯ ಮಾಡಿದೆವು. ಅವಳ ಗಂಡನ ಹೆಸರು ನಾನು ಹೇಳುವುದು, ನನ್ನ ಗಂಡನ ಹೆಸರು ಅವಳು ಹೇಳುವುದು. ಬಟ್ಟೆ ಒಗೆಯುತ್ತಾ ಒಗೆಯುತ್ತಾ ಹೇಳಿಕೊಂಡೆವು. ಅವಳ ಬಾಯಲ್ಲಿ ನೀವು ‘ರೆಬನಸಿದ್ದಯ್ಯ’. ಅದನ್ನು ತಿದ್ದೋಕೆ ಹೋಗಿ ನನ್ನ ಬಾಯಲ್ಲಿ ಸರಿಯಾದದ್ದು ಬಂದೇಬಿಟ್ಟಿತು. ಒಗೆಯೋ ಕಲ್ಲಿನ ಮುಂದೆ ಕೂತು ಇಬ್ಬರೂ ಹೆದರಿಕೊಂಡೆವು.

ಫೋನು ಬಂದ ದಿನ ಅತ್ತೆ ಬಾಗಿಲಿಗೆ ಅಡ್ಡ ಕೂತಿದ್ದರು. “ಇವತ್ತು ನೀ ಹೇಳ್ದೆ ಇದ್ರೆ ನಾನೇ ಹೇಳ್ತೀನಿ ಕಣೇ. ಹೆತ್ತೋಳು ನಾನು, ಹೆಸ್ರಿಟ್ಟೋಳು ನಾನು” ಅಂದರು. ಆಫೀಸರು ಕೇಳಿದರು. ನಾನು ಹೇಳಿದೆ, ಪೂರ್ತಿ. ಸರಿಯಾಗಿ ಕೇಳಿಸಲಿಲ್ಲ ಅಂದರು. ಇನ್ನೊಂದು ಸಲ ಹೇಳಿದೆ. ಮೂರನೇ ಸಲ ಬಿಡಿಸಿ ಬಿಡಿಸಿ ಹೇಳುವಾಗ ಅತ್ತೆ, “ಸಾಕು ಬುಡೇ, ಮಗ ಅಲ್ಲಿ ಒಬ್ನೇ ಅವ್ನೆ!” ಅಂತ ಸೆರಗು ಬಾಯಿಗಿಟ್ಟುಕೊಂಡರು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆಫೀಸರು ಇನ್ನೊಂದು ಪ್ರಶ್ನೆ ಕೇಳಿದರು. ‘ನಿಮಗೆ ಇಲ್ಲಿಗೆ ಬಂದು ಇರಲು ಇಷ್ಟವಿದೆಯೇ?’

ಹೆಸರಿಗಿಂತ ಕಷ್ಟವಾಗಿತ್ತು ಅದು. ಈ ಮಾತನ್ನ ನೀವು ಕೇಳಿಲ್ಲ. ಅತ್ತೆ ಕೇಳಿಲ್ಲ, ವಕೀಲಮ್ಮ ಕೇಳಿಲ್ಲ. ಎರಡು ವರ್ಷದಿಂದ ಫೋಟೋ ತೆಗೆಸಿದೆ, ಹೆಬ್ಬೆಟ್ಟು ಕೊಟ್ಟೆ, ನೀವು ಹೇಳಿದ ಕಡೆಯಲ್ಲೆಲ್ಲ ಸಹಿ ಹಾಕಿದೆ. ಯಾರೋ ಗುರುತಿಲ್ಲದ ಮನುಷ್ಯ, ಭಾಷೆ ಬರದವನು, ಅವನು ಕೇಳಿದ.

‘ಅವರ ಕೈ ಮುರಿದಿದೆ, ನಾನು ನೋಡಬೇಕು’ ಅಂದೆ. ಅದು ಅವನು ಕೇಳಿದ್ದಕ್ಕೆ ಉತ್ತರ ಅಲ್ಲ. ಆದರೂ ಬರೆದುಕೊಂಡ.

ಹೋದ ಕಾಗದದಲ್ಲಿ ಹೇಳದೇ ಉಳಿದ ವಿಷಯ ಇದು. ಮಾರ್ಚ್‌ನಿಂದ ನಾನು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ನಲವತ್ತು ಹೆಂಗಸರು ನನ್ನ ಕೈ ಕೆಳಗೆ. ಅರ್ಧಕ್ಕರ್ಧ ಹೊರಗಿನವರು, ಅವರಿಗೆ ಕನ್ನಡ ನಾನೇ ಹೇಳಿಕೊಡುವುದು. ನಾನು ಬಂದರೆ ಅಲ್ಲಿ ಏನು ಮಾಡಲಿ? ನಿಮ್ಮ ಆ ಕುದುರೆ ಜೊತೆ ಮೂರನೆಯವಳಾಗಿ ಕನ್ನಡ ಮಾತಾಡಲೇ?

ದೀಪಿಕಾ ಅಮ್ಮ

*

೮ ಜುಲೈ ೨೦೨೪

ಸಿದ್ದಗಂಗಾ,

ವೀಸಾ ಬಂತು. ವಕೀಲಮ್ಮ ಫೋನಲ್ಲಿ ಕೂಗಿದ ಕೂಗಿಗೆ ಕುದುರೆಗಳು ಬೆಚ್ಚಿದ್ವು. ನಾನು ಕೇಕು ತಂದೆ. ಐದು ಜನಾನೂ ತಿಂದ್ವಿ. ಮಾರನೇ ದಿನ ಪೋಸ್ಟ್‌ಮ್ಯಾನ್ ನಿನ್ನ ಕಾಗದ ತಂದ.

ಅಲ್ಲ ಕಣೇ, ನೀನು ಸೂಪರ್‌ವೈಸರ್ ಆಗಿರೋದು ಅಶ್ವಥ್‌ಗೆ ಗೊತ್ತು, ಒಡಿಶಾದೋರಿಗೆ ಗೊತ್ತು, ನಂಗೊಬ್ಬನಿಗೆ ಗೊತ್ತಿಲ್ಲ. ಏಳು ವರ್ಷ ಮಂಜಲ್ಲಿ ಲದ್ದಿ ಬಾಚಿದ್ದು ಯಾರಿಗೋಸ್ಕರ? ಆ ಹೊಸ ಮನೆಯಲ್ಲಿ ನಿಂಗೆ ಅಂತ ರೊಟ್ಟಿ ಹಂಚು ತಂದಿಟ್ಟಿದೀನಿ, ಎಷ್ಟು ಅಂಗಡಿ ತಿರುಗಿದೆ ಗೊತ್ತಾ? ಸಿಟ್ಟಲ್ಲಿ ಎರಡು ದಿನ ಯಾರ ಹತ್ರಾನೂ ಮಾತಾಡಲಿಲ್ಲ. ನಂಗೆ ಹುಷಾರಿಲ್ಲ ಅಂತ ಎಲ್ಲರೂ ಮಾತ್ರೆ ತಂದುಕೊಟ್ರು. ನಾನು ನಗಿಸದಿದ್ರೆ ಕಾಯಿಲೆ ಅಂತಾನೇ ಲೆಕ್ಕ ಇಲ್ಲಿ.

ಮೂರನೇ ದಿನ ಕುದುರೆಗೆ ಹೇಳ್ದೆ. ಕಿವಿ ಅಲ್ಲಾಡಿಸ್ತು. ಏನ್ ಹೇಳ್ತು ಅಂತ ಗೊತ್ತಾಗಲಿಲ್ಲ.

ಈ ಕಾಗದ ವಕೀಲಮ್ಮಂಗೆ ಕೊಡಲ್ಲ. ಟ್ರಾನ್ಸ್‌ಲೇಟರ್ ಇಲ್ಲ, ಆಫೀಸರ್ ಇಲ್ಲ. ಕೈಗೆ ಫಿಸಿಯೋ ಮಾಡ್ತಾವ್ರೆ, ಬೆರಳು ಮಡಚ್ತವೆ, ಮುಷ್ಟಿ ಬರಲ್ಲ. ಲಗಾಮು ಹಿಡಿಯೋಕೆ ಮುಷ್ಟಿ ಬೇಕು. ಅದನ್ನೂ ಸೇರಿಸಿ ಯೋಚನೆ ಮಾಡು.

ಕೇಳ್ತಿದೀನಿ. ಬರ್ತೀಯಾ?

ರೇವಣಸಿದ್ದಯ್ಯ

*

೪ ಆಗಸ್ಟ್ ೨೦೨೪
ಸತ್ಯಮಂಗಲ, ತುಮಕೂರು

ರೇವಣಸಿದ್ದಯ್ಯನವರಿಗೆ,

ಬರ್ತೀನಿ. ಇರೋದಕ್ಕಲ್ಲ, ನೋಡೋದಕ್ಕೆ. ಫ್ಯಾಕ್ಟರಿಯಲ್ಲಿ ರಜೆ ಬರೆದುಕೊಟ್ಟಿದ್ದೇನೆ. ಮುಂದಿನ ರೂಮಿನವರು ಅತ್ತೆಯನ್ನೂ ದೀಪಿಕಾಳನ್ನೂ ನೋಡಿಕೊಳ್ಳುತ್ತಾರೆ. ಅಶ್ವಥ್ ಬಸ್‌ಸ್ಟ್ಯಾಂಡಿಗೆ ಬಿಡುತ್ತಾನಂತೆ.

ನಿಮ್ಮ ಕೈಗೆ ಹಚ್ಚೋಕೆ ಚೇಳೂರಿನ ತೋಟದ ಕೊಬ್ಬರಿ ಎಣ್ಣೆ ತರುತ್ತೇನೆ. ಆ ಹಂಚಿನ ಮೇಲೆ ರೊಟ್ಟಿ ತಟ್ಟುತ್ತೇನೆ. ಎಡಗೈಯಲ್ಲಿ ತಿನ್ನುವುದು ಬೇಡ, ತಿನ್ನಿಸುತ್ತೇನೆ. ಆ ಕಂದು ಕಳ್ಳಿಯನ್ನೂ ಒಂದು ಸಲ ನೋಡಬೇಕು. ಮುಷ್ಟಿ ಬಂದರೆ ನಿಮ್ಮ ಇಷ್ಟ. ಬರದಿದ್ದರೆ ಮುಂದಿನ ಮಾತು ಎದುರುಬದುರು ಕೂತು ಆಡೋಣ.

ಟಿಕೆಟ್ ಬುಕ್ ಮಾಡುವಾಗ ಹೋಗೋಕೆ ಒಂದು ಮಾಡಿ. ವಾಪಸ್ ಊರಿಗೆ ಬರೋಕೆ ಎರಡು ಮಾಡಿ. ಎರಡನೇದು ಕ್ಯಾನ್ಸಲ್ ಮಾಡೋದಿದ್ದರೆ ನಾನು ಬಂದ ಮೇಲೆ, ನನ್ನ ಮುಂದೆ ಮಾಡಿ. ಸ್ಪೀಕರಿನಲ್ಲಿ ಬೇಡ.

ಸಿದ್ದಗಂಗಮ್ಮ